ಉಪವಾಸಕ್ಕೆ ಕರೆಯುತ್ತಿರುವುದು ದೇವರಾ, ನನ್ನ ಮನಸ್ಸಾ?

ದಾವಣಗೆರೆಯಿಂದ ಪ್ರಶ್ನೆ:

ಎಲ್ಲರಿಗೂ ವಂದನೆ. ಮೂರು ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿದೆ. ಎದ್ದ ಕೂಡಲೇ ತಂಗಿಯ ಯೋಚನೆ. ಗಂಡನ ಮನೆ ಬಿಟ್ಟು ಬಂದು ಅಮ್ಮನ ಹತ್ತಿರ ಇದ್ದಾಳೆ. ನನಗೆ ಊಟ ಸೇರುತ್ತಿಲ್ಲ. ಇದರ ನಡುವೆ ಉಪವಾಸ ಮಾಡಿ ದೇವರ ಕಡೆ ತಿರುಗಿ ಅನ್ನುವ ಬೈಬಲ್‌ನ ಯೋವೇಲ 2:12ನೇ ವಾಕ್ಯ ಒಂದೇ ವಾರದಲ್ಲಿ ಮೂರು ಸಲ ಕಣ್ಣಿಗೆ ಬಿತ್ತು. ಕ್ಯಾಲೆಂಡರ್‌ನಲ್ಲಿ, ವಾಟ್ಸಾಪ್‌ನಲ್ಲಿ, ಭಾನುವಾರದ ಪ್ರಸಂಗದಲ್ಲಿ. ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಈಗ ತಾನೇ ಶುರುವಾಗಿದೆ. ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ತಿಂಗಳ ಮೊದಲ ಶುಕ್ರವಾರ ಉಪವಾಸ ಪ್ರಾರ್ಥನೆ ಇದ್ದೇ ಇದೆ, ಹೋಗುತ್ತೇನೆ. ಇದು ಬೇರೆ ಥರ ಅನ್ನಿಸುತ್ತಿದೆ. ಮೂರು ದಿನ ಬರೀ ನೀರು ಕುಡಿದು ಕೂರೋಣ ಅಂತ ಮನಸ್ಸು. ಯಜಮಾನರು "ಸುಮ್ನೆ ತಿಂದು ಬ್ಯಾಂಕಿಗೆ ಹೋಗು" ಅಂತಾರೆ. ಗ್ಯಾಸ್ಟ್ರಿಕ್ ಬೇರೆ ಇದೆ. ಇದು ದೇವರ ಕರೆಯೇ ಅಂತ ನಿಮಗೆ ಹೇಗೆ ಗೊತ್ತಾಯಿತು? ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿಯಿಂದ, ನಿವೃತ್ತ ಟೀಚರ್:

ತಂಗಿ, ನನಗೆ ಧ್ವನಿ ಕೇಳಿಸಲಿಲ್ಲ, ಕನಸೂ ಬೀಳಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಜೋಳದ ಹಿಟ್ಟು. ಇದ್ದಕ್ಕಿದ್ದಂತೆ ಅಣ್ಣನ ನೆನಪು ಬಂತು. ಮನೆ ಪಾಲಿನ ಜಗಳವಾಗಿ ಹನ್ನೊಂದು ವರ್ಷ ಮಾತಿರಲಿಲ್ಲ. ನೆನಪು ಬಂದು ಹೋಗಿದ್ದರೆ ಬೇರೆ ಮಾತು. ಹೋಗಲೇ ಇಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಮರುದಿನವೂ ಹಾಗೇ, ಆ ವಾರವೆಲ್ಲ ಹಾಗೇ. ತುತ್ತು ಎತ್ತಿದರೆ ಮೊದಲು ಅವನಿಗಾಗಿ ಪ್ರಾರ್ಥನೆ ಮಾಡಬೇಕು ಅನ್ನಿಸುತ್ತಿತ್ತು. ನಮ್ಮ ಸಭೆಯಲ್ಲಿ ಇದಕ್ಕೆ ಪ್ರಾರ್ಥನೆಯ ಭಾರ ಅಂತಾರೆ.

ಬುಧವಾರ ಮಧ್ಯಾಹ್ನದ ಊಟ ಬಿಡಲು ಶುರು ಮಾಡಿದೆ. ಮೊದಲ ಎರಡು ವಾರ "ಕರ್ತನೇ, ಅವನ ಮನಸ್ಸು ಕರಗಿಸು" ಅಂತಲೇ ಕೇಳಿದೆ. ಮೂರನೇ ಬುಧವಾರ ಯೆಶಾಯ 58 ತೆಗೆದೆ. ಉಪವಾಸದ ದಿನವೇ ಜಗಳ ಆಡುತ್ತೀರಿ, ಕೆಲಸದವರನ್ನು ಹಿಂಡುತ್ತೀರಿ ಅಂತ ದೇವರು ಬೈಯುವ ಅಧ್ಯಾಯ ಅದು. ಅವತ್ತು ಬೆಳಿಗ್ಗೆ ತಾನೇ ಪಾತ್ರೆ ತೊಳೆಯುವವಳು ತಡವಾಗಿ ಬಂದಳು ಅಂತ ಕೂಗಾಡಿದ್ದೆ. ಬೈಬಲ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸಂಜೆ ನಾನೇ ಅಣ್ಣನಿಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿದರು. ಅಣ್ಣ ಮಾತಾಡಲಿಲ್ಲ. ಈಗಲೂ ಕ್ರಿಸ್ಮಸ್‌ಗೆ ಬರುವುದಿಲ್ಲ, ಆದರೆ ಫೋನ್ ಎತ್ತುತ್ತಾನೆ.

ಅವಸರ ಮಾಡಬೇಡಮ್ಮ. ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಕೇಳಿ ಬೈಬಲ್‌ನ ನೆಹೆಮೀಯ ಅತ್ತು ಉಪವಾಸ ಕೂತದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ (ನವೆಂಬರ್-ಡಿಸೆಂಬರ್). ಊರು ಕಟ್ಟಲು ಹೋಗುತ್ತೇನೆ ಅಂತ ರಾಜನ ಮುಂದೆ ಬಾಯಿ ಬಿಟ್ಟದ್ದು ನೀಸಾನಿನಲ್ಲಿ (ಮಾರ್ಚ್-ಏಪ್ರಿಲ್). ನಡುವೆ ಹತ್ತಿರ ಹತ್ತಿರ ನಾಲ್ಕು ತಿಂಗಳು. ನಿಜವಾದ ಭಾರ ಕಾಯಿಸಿದರೂ ಇರುತ್ತದೆ. ಬರೀ ಹುಮ್ಮಸ್ಸಾದರೆ ಎರಡು ದಿನಕ್ಕೆ ಇಳಿದುಹೋಗುತ್ತದೆ.

ಬೀದರ್‌ನಿಂದ, ಶುಗರ್ ಇರುವವನು:

ನನ್ನದು ತಪ್ಪು ಮಾಡಿದವನ ಅನುಭವ. ಒಂದು ಕನ್ವೆನ್ಷನ್‌ನ (ದೊಡ್ಡ ಪ್ರಾರ್ಥನಾ ಕೂಟದ) ಕೊನೆಯ ರಾತ್ರಿ. ಹಾಡು, ಡ್ರಮ್ಸ್, ಕಣ್ಣೀರು. "21 ದಿನ ಯಾರು ಕೂರ್ತೀರಿ, ಕೈ ಎತ್ತಿ" ಅಂದರು. ಪಕ್ಕದವನು ಎತ್ತಿದ, ನಾನೂ ಎತ್ತಿದೆ. ಅದನ್ನೇ ಕರೆ ಅಂದುಕೊಂಡೆ. ಎರಡನೇ ದಿನ ಮಾತ್ರೆ ಎಂದಿನಂತೆ ನುಂಗಿದೆ, ಹೊಟ್ಟೆಗೆ ಏನೂ ಹಾಕಲಿಲ್ಲ. ಹನ್ನೊಂದು ಗಂಟೆಗೆ ಕೈ ನಡುಗಿತು, ಬನಿಯನ್ ಬೆವರಲ್ಲಿ ತೊಯ್ದುಹೋಯಿತು. ನಾನು ಆತ್ಮಿಕ ಹೋರಾಟ ಶುರುವಾಯಿತು ಅಂತ ಗಟ್ಟಿಯಾಗಿ ಸ್ತೋತ್ರ ಹೇಳುತ್ತಾ ಕೂತೆ! ಮನೆಯವಳು ಮೀಟರ್ ತಂದು ಬೆರಳು ಚುಚ್ಚಿದಳು. 54. ಶುಗರ್ 70ಕ್ಕಿಂತ ಕೆಳಗೆ ಬಂದರೆ ಕಮ್ಮಿ ಅಂತ ಲೆಕ್ಕ. ಸಕ್ಕರೆ ನೀರು ಕುಡಿಸಿದಳು, ಆಮೇಲೆ ಬೈದಳು. ಎರಡನೆಯದು ಜಾಸ್ತಿ ಹೊತ್ತು ನಡೆಯಿತು.

ಆಮೇಲೆ ದಾನಿಯೇಲ 10 ಸರಿಯಾಗಿ ಓದಿದೆ. ಮೂರು ವಾರ ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ ಬಿಟ್ಟ ಅಂತಿದೆ. ಏನನ್ನೂ ತಿನ್ನಲಿಲ್ಲ ಅಂತ ಎಲ್ಲಿದೆ? ಪ್ರವಾದಿ ಎಲೀಯನಿಗಂತೂ 40 ದಿನದ ದಾರಿ ಹಿಡಿಯುವ ಮೊದಲು ದೇವದೂತನೇ ಎರಡು ಸಲ ಎಬ್ಬಿಸಿ ತಿನ್ನು ಅಂದ. ಈಗ ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಚಹಾ ಮತ್ತು ಮೊಬೈಲ್ ಬಿಡುತ್ತೇನೆ. ನಗಬೇಡಿ, ಮೊಬೈಲ್ ಬಿಡೋದು ಅನ್ನ ಬಿಡೋದಕ್ಕಿಂತ ಕಷ್ಟ. ಗ್ಯಾಸ್ಟ್ರಿಕ್ ಇಟ್ಟುಕೊಂಡು ಮೂರು ದಿನ ಬರೀ ನೀರು ಬೇಡವೇ ಬೇಡ ಸಿಸ್ಟರ್.

ಮಂಗಳೂರಿನಿಂದ:

ನಾವು ಕ್ಯಾಥೊಲಿಕರು. ಲೆಂಟ್ ಶುರುವಾಗುವ ಬೂದಿ ಬುಧವಾರ, ಯೇಸು ಶಿಲುಬೆಯಲ್ಲಿ ಸತ್ತ ದಿನವಾದ ಶುಭ ಶುಕ್ರವಾರ, ಎರಡು ದಿನ 18ರಿಂದ 59 ವಯಸ್ಸಿನವರಿಗೆ ಉಪವಾಸದ ನಿಯಮ ಇದೆ. ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಕಾಯಿಲೆ ಇದ್ದವರಿಗೆ ಬಲವಂತ ಇಲ್ಲ. ಕರೆ ಬಂತಾ ಅಂತಲೂ ಯಾರೂ ಕೇಳುವುದಿಲ್ಲ, ದಿನ ಬಂತು, ಮಾಡುತ್ತೇವೆ. ಶುಭ ಶುಕ್ರವಾರ ನಮ್ಮ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ, ಅಷ್ಟೇ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಬೂದಿ ಬುಧವಾರದ ಪೂಜೆಯಲ್ಲಿ ಓದುವ ಮೊದಲ ವಾಚನವೇ ಯೋವೇಲ 2:12ರಿಂದ ಶುರು. ಈ ದಿನಗಳಲ್ಲಿ ಆ ವಾಕ್ಯ ಎಲ್ಲ ಕಡೆ ಓಡಾಡುತ್ತಿರುತ್ತದೆ. ಮೂರು ಸಲ ಕಂಡದ್ದನ್ನೇ ಗುರುತು ಅಂತ ಹಿಡಿಯಬೇಡಿ. ಹಾಗಂತ ಅದು ನಿಮಗೆ ಹೇಳಿದ್ದಲ್ಲ ಅಂತಲೂ ನಾನು ಹೇಳುವುದಿಲ್ಲ.

ನಿಯಮಕ್ಕಿಂತ ಜಾಸ್ತಿ ಮಾಡಬೇಕು ಅಂತ ನನಗೂ ಒಮ್ಮೆ ಅನ್ನಿಸಿತ್ತು. ಪ್ರತಿ ಬುಧವಾರ, ಶುಕ್ರವಾರ ಬ್ರೆಡ್ಡು, ನೀರು ಮಾತ್ರ ಅಂತ ಫಾದರ್ ಹತ್ತಿರ ಹೇಳಿದೆ. ಅವರು ಕೇಳಿದ್ದು ಒಂದೇ. "ಆ ದಿನ ನಿಮ್ಮ ಅತ್ತೆಗೆ ಅಡುಗೆ ಯಾರು ಮಾಡ್ತಾರೆ?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಒಂದೇ ಒಂದು ಶುಕ್ರವಾರ ಮಾಡಿ, ಹೇಗಾಯಿತು ಅಂತ ಬಂದು ಹೇಳಿ ಅಂದರು. ಸಮುವೇಲನ ಕಥೆ ನೋಡಿ. ಮೂರು ಸಲ ದೇವರು ಕರೆದರೂ ಹುಡುಗ ಯಾಜಕ ಏಲಿಯ ಹತ್ತಿರವೇ ಓಡಿದ. ಅದು ದೇವರ ಕರೆ ಅಂತ ತಿಳಿದದ್ದು ಕಣ್ಣು ಮಂಜಾದ ಆ ಮುದುಕನಿಗೆ. ನಿಮ್ಮ ಅಯ್ಯನವರಿಗೆ (ಪಾಸ್ಟರ್‌ಗೆ) ಹೇಳಿದ್ದೀರಾ?

ಕುವೈತ್‌ನಿಂದ, ನರ್ಸ್:

ನೈಟ್ ಡ್ಯೂಟಿ ನಡುವೆ ಬರೆಯುತ್ತಿದ್ದೇನೆ, ಚಿಕ್ಕದಾಗಿ ಹೇಳುತ್ತೇನೆ. ಮೂರು ವಾರದಿಂದ ನಿದ್ದೆ ಮುರಿಯುತ್ತಿದೆ, ಊಟ ಸೇರುತ್ತಿಲ್ಲ, ಒಂದೇ ಯೋಚನೆ ಸುತ್ತುತ್ತಿದೆ ಅಂತ ಯಾರೇ ಬಂದರೂ ನಾವು ಮೊದಲು ಡಿಪ್ರೆಶನ್ ಇದೆಯಾ, ಥೈರಾಯ್ಡ್ ಹೇಗಿದೆ ಅಂತ ನೋಡುತ್ತೇವೆ. ಡಾಕ್ಟರ್‌ಗೆ ತೋರಿಸಿದರೆ ನಂಬಿಕೆ ಕಮ್ಮಿ ಅಂತ ಅಲ್ಲ ಅಕ್ಕ. ಹಸಿವು ಇದ್ದು ಬಿಟ್ಟರೆ ಉಪವಾಸ. ಹಸಿವೇ ಇಲ್ಲ ಅಂದರೆ ಅದು ಬೇರೆ ವಿಷಯ. ಇನ್ನೊಂದು, ಕಾಫಿ ಬಿಟ್ಟು ತಲೆ ಸಿಡಿದರೆ ಸೈತಾನನ ಮೇಲೆ ಹಾಕಬೇಡಿ. ದಿನಾ ಕುಡಿಯುವವರಿಗೆ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಆ ನೋವು ಬರುತ್ತದೆ. ನಾನು ಹಿಂದಿನ ವಾರದಿಂದಲೇ ಒಂದೊಂದು ಲೋಟ ಕಮ್ಮಿ ಮಾಡುತ್ತಾ ಬರುತ್ತೇನೆ.

ಬೆಂಗಳೂರಿನಿಂದ:

ಬರೆಯಬೇಕೋ ಬೇಡವೋ ಅಂತ ಎರಡು ಸಲ ಅಳಿಸಿದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಉಪವಾಸ ಮಾಡು ಅಂತ ನನಗೆ ಬಹಳ ಸ್ಪಷ್ಟವಾಗಿ ಅನ್ನಿಸಿತ್ತು. ಏಳು ದಿನ ರಾತ್ರಿ ಒಂದು ಹೊತ್ತು ಮಾತ್ರ ಉಂಡೆ. ಎಂಟನೇ ದಿನ ಅಮ್ಮ ಹೋದರು. ಪ್ರಾರ್ಥನೆಗೆ ಬರುತ್ತಿದ್ದ ಒಬ್ಬರು "ಪೂರ್ತಿ ಉಪವಾಸ ಮಾಡಬೇಕಿತ್ತು" ಅಂದರು. ಅಂಥ ಮಾತನ್ನು ನೀವು ಯಾರಿಗೂ ಆಡಬೇಡಿ, ದಯವಿಟ್ಟು. ಒಂದು ವರ್ಷ ನಾನು ಸಭೆಯ ಕಡೆ ತಲೆ ಹಾಕಲಿಲ್ಲ.

ಬೈಬಲ್‌ನಲ್ಲಿ ರಾಜ ದಾವೀದನೂ ಕಾಯಿಲೆ ಬಿದ್ದ ಮಗುವಿಗಾಗಿ ಏಳು ದಿನ ಉಣ್ಣದೆ ನೆಲದ ಮೇಲೆ ಬಿದ್ದಿದ್ದ. ಮಗು ಉಳಿಯಲಿಲ್ಲ. ಎದ್ದು ಸ್ನಾನ ಮಾಡಿ, ದೇವರ ಆಲಯಕ್ಕೆ ಹೋಗಿ ಅಡ್ಡಬಿದ್ದು, ಬಂದು ಊಟ ಮಾಡಿದ. ನನಗೆ ಆ ಕರೆ ಸುಳ್ಳು ಅಂತ ಈಗ ಅನ್ನಿಸುವುದಿಲ್ಲ. ಆ ಏಳು ದಿನ ಕ್ಯಾಂಟೀನಿಗೆ ಹೋಗದೆ, ಆ ಹೊತ್ತಲ್ಲಿ ಅಮ್ಮನ ಪಕ್ಕ ಕೂತು ಬೈಬಲ್‌ನ ಕೀರ್ತನೆಗಳನ್ನು ಓದಿದೆ. 23ನೇದು ಅವರಿಗೆ ಬಾಯಿಗೆ ಬರುತ್ತಿತ್ತು, ಮಾಸ್ಕ್ ಒಳಗೇ ತುಟಿ ಆಡುತ್ತಿತ್ತು. ನಿಮ್ಮ ತಂಗಿ ಏನು ಹೇಳುತ್ತಾಳೆ? ಅವಳ ಹತ್ತಿರ ಮಾತಾಡಿದ್ದೀರಾ?

ದಾವಣಗೆರೆಯಿಂದ, ಎರಡು ದಿನ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ಕೊನೆಯ ಪ್ರಶ್ನೆ ಓದಿ ನಾಚಿಕೆ ಆಯಿತು. ಮೂರು ವಾರದಿಂದ ಅವಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ, ಫೋನ್ ಮಾಡಿದ್ದು ಒಂದೇ ಸಲ, ಅದೂ ಅಮ್ಮನ ಬಿಪಿ ಮಾತ್ರೆ ಕೇಳಲು. ನಿನ್ನೆ ರಾತ್ರಿ ಮಾತಾಡಿದೆ. ಅವಳಿಗೂ ಮೂರು ಗಂಟೆಗೆ ಎಚ್ಚರ ಆಗುತ್ತದಂತೆ. ಶನಿವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ. ಅಯ್ಯನವರು ಡಾಕ್ಟರ್ ಒಪ್ಪಿದರೆ ಮುಂದಿನ ಬುಧವಾರ ಮಧ್ಯಾಹ್ನ ಒಂದು ಹೊತ್ತು ಬಿಡಿ, ಬೆಳಿಗ್ಗೆ ಗಂಜಿ ಕುಡಿದೇ ಹೋಗಿ, ಮೂರು ದಿನದ ಮಾತು ಆಮೇಲೆ ನೋಡೋಣ ಅಂದರು.

ಒಂದು ಸಣ್ಣ ಪ್ರಶ್ನೆ. ಉಪವಾಸ ಮಾಡುವಾಗ ಮುಖ ತೊಳೆದುಕೊಂಡು ಜನರಿಗೆ ಗೊತ್ತಾಗದ ಹಾಗೆ ಇರಿ ಅಂತ ಮತ್ತಾಯ 6ರಲ್ಲಿ ಯೇಸುಸ್ವಾಮಿ ಹೇಳಿದ್ದಾರೆ. ನಮ್ಮ ಬ್ಯಾಂಕಿನಲ್ಲಿ ಎರಡು ಗಂಟೆ ಆದರೆ ಸೆಕ್ಯುರಿಟಿಯವರಿಂದ ಮ್ಯಾನೇಜರ್‌ವರೆಗೆ ಎಲ್ಲರೂ "ಊಟ ಆಯ್ತಾ ಮೇಡಂ?" ಅಂತಾರೆ. ಏನು ಹೇಳಲಿ?

ಹುಬ್ಬಳ್ಳಿಯಿಂದ:

"ನಂದು ಆಮೇಲೆ" ಅನ್ನು. ಸುಳ್ಳೇನೂ ಅಲ್ಲ, ರಾತ್ರಿ ಉಣ್ಣುತ್ತೀಯಲ್ಲ. ಆದರೆ ಡಬ್ಬಿ ಮನೆಯಲ್ಲಿ ಬಿಟ್ಟು ಹೋಗಬೇಡ. ಡಬ್ಬಿ ತಂದಿಲ್ಲ ಅಂತ ಕಂಡರೆ ಯಾರಾದರೂ ತಮ್ಮದರಲ್ಲೇ ಎರಡು ಚಪಾತಿ ತಂದು ಮುಂದೆ ಇಟ್ಟೇ ಇಡ್ತಾರೆ.