ಹಿಡಿದ ಮೀನನ್ನು ಮತ್ತೆ ಕಡಲಿಗೇ ಸುರಿಯುವುದು: ಕೋಟಾ ತಂದರೆ ನಿಲ್ಲುತ್ತದಾ?

ಪಡುಕೆರೆ ಹುಡುಗ
ಮೊನ್ನೆ ಮೊದಲ ಸಲ ಮಾವನ ಟ್ರಾಲ್ (ಚೀಲದಂಥ ಬಲೆ ಎಳೆಯುವ) ಬೋಟಲ್ಲಿ ಒಂಬತ್ತು ದಿನ ಹೋಗಿ ಬಂದೆ. ಎರಡನೇ ದಿನ ಬೆಳಗ್ಗೆ ಬಲೆ ಎಳೆದರು. ಚೀಲದ ಗಂಟು ಬಿಚ್ಚಿದ್ದೇ ತಡ, ಡೆಕ್ ತುಂಬಾ ಮೀನು. ಒಳ್ಳೆ ರೇಟಿನ ಬೊಂಡಾಸ್, ಪಾಂಬೊಲ್, ದೊಡ್ಡ ಮದ್ಮಲ್ ಆರಿಸಿ ಬುಟ್ಟಿಗೆ ಹಾಕಿದ್ರು. ಉಳಿದದ್ದು ಬೆರಳುದ್ದದ ಅರಣೆ, ಉಗುರಿನಷ್ಟು ಏಡಿ, ಬೋಟು ನಡೆಸುವ ತಾಂಡೇಲರಿಗೂ ಹೆಸರು ಗೊತ್ತಿಲ್ಲದ ಮರಿಗಳು. ಅಷ್ಟನ್ನೂ ಸಲಿಕೆಯಲ್ಲಿ ತಳ್ಳಿ, ಪೈಪಲ್ಲಿ ನೀರು ಬಿಟ್ಟು ಡೆಕ್ ತೊಳೆದ್ರು. ಒಂದೂ ಈಜಲಿಲ್ಲ. ಬೋಟಿನ ಹಿಂದೆ ಬೆಳ್ಳಗೆ ತೇಲ್ತಾ ಹೋದವು, ಹಕ್ಕಿಗಳಿಗೆ ಹಬ್ಬ. ಯುರೋಪಲ್ಲಿ ಒಂದೊಂದು ಜಾತಿಗೂ ವರ್ಷಕ್ಕೆ ಇಷ್ಟೇ ಟನ್ ಅಂತ ಕೋಟಾ ಉಂಟಂತೆ. ನಮ್ಮಲ್ಲಿ ಯಾಕಿಲ್ಲ?

ಮಲ್ಪೆ ಟ್ರಾಲ್
ತಮ್ಮ, ನೀನು ಎರಡನೇ ದಿನದ್ದು ನೋಡಿದೆ. ಎಂಟನೇ ದಿನದ್ದು ನೋಡಲಿಲ್ವಾ? ಆ ದಿನ ಅದೇ ಮರಿಗಳನ್ನು ಯಾರೂ ಬಿಸಾಡಿರಲಿಕ್ಕಿಲ್ಲ. ತುಂಬಿಸಿ ತಂದು ಫಿಶ್‌ಮೀಲ್ (ಮೀನಿನ ಹುಡಿ) ಕಾರ್ಖಾನೆಯ ಲಾರಿಗೆ ಕೊಟ್ಟಿರ್ತಾರೆ. ಲೆಕ್ಕ ಸುಲಭ: ಐಸ್ ಇರುವುದೇ ಇಷ್ಟು, ಜಾಗ ಇರುವುದೇ ಇಷ್ಟು. ಎರಡನೇ ದಿನವೇ ಕಡಿಮೆ ರೇಟಿನ ಮೀನು ತುಂಬಿಸಿದ್ರೆ ಆರನೇ ದಿನ ಬೊಂಡಾಸ್ ಸಿಕ್ಕಾಗ ಎಲ್ಲಿ ಇಡುವುದು, ತಲೆ ಮೇಲಾ? ನನಗೂ ಬಿಸಾಡ್ಲಿಕ್ಕೆ ಖುಷಿ ಇಲ್ಲ. ಡೀಸೆಲ್ ಬಿಲ್ ಕಟ್ಟುವವನು ನಾನು.

ಪೀಟರ್‌ಹೆಡ್ ಕನ್ನಡಿಗ
ಕೋಟಾದ ಬಗ್ಗೆ ಎರಡು ಮಾತು. ನಾನಿರುವುದು ಸ್ಕಾಟ್‌ಲೆಂಡಿನ ಪೀಟರ್‌ಹೆಡ್‌ನಲ್ಲಿ, ಮೀನಿನ ಕಾರ್ಖಾನೆಯೊಂದರ ಲೆಕ್ಕಪತ್ರದ ಕೆಲಸ. ಯುರೋಪಿನ ಕೋಟಾ ಪದ್ಧತಿ 1983ರಿಂದ ಇದೆ. ಆದರೆ ಬಹಳ ವರ್ಷ ಇಲ್ಲಿ ಮೀನು ಬಿಸಾಡಿಸಿದ್ದೇ ಆ ಕೋಟಾ! ಉತ್ತರ ಸಮುದ್ರದಲ್ಲಿ ಕಾಡ್, ಹ್ಯಾಡಕ್, ವೈಟಿಂಗ್ ಮೂರೂ ಒಂದೇ ಬಲೆಗೆ ಬೀಳ್ತವೆ. ಕಾಡ್ ಕೋಟಾ ಮುಗಿದಿದೆ, ಹ್ಯಾಡಕ್ ಕೋಟಾ ಬಾಕಿ ಇದೆ ಅಂದುಕೊಳ್ಳಿ. ಬೋಟು ಹ್ಯಾಡಕ್‌ಗೆ ಹೋಗುತ್ತದೆ, ಕಾಡ್ ಬಂದೇ ಬರುತ್ತದೆ, ಅದನ್ನು ದಡಕ್ಕೆ ತಂದರೆ ಅಪರಾಧ. ಹಾಗಾಗಿ ಮೊಳದುದ್ದದ ಒಳ್ಳೇ ಕಾಡ್ ಸತ್ತು ನೀರಿಗೆ. ಮರಿ ಅಲ್ಲ, ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆ ಇರುವ ಮೀನು!

ಜನ ಸಿಟ್ಟಾದ ಮೇಲೆ 2013ರಲ್ಲಿ ಕಾನೂನು ತಿದ್ದಿದರು. ಕೋಟಾ ಇರುವ ಜಾತಿಯನ್ನು ಹಿಡಿದರೆ ದಡಕ್ಕೆ ತರಲೇಬೇಕು, ಅದು ಕೋಟಾದಲ್ಲಿ ಕಳೆಯುತ್ತದೆ. 2015ರಲ್ಲಿ ಶುರುವಾಗಿ 2019ಕ್ಕೆ ಪೂರ್ತಿ ಜಾರಿ. ಆದರೆ ವಿನಾಯಿತಿಗಳೇ ಒಂದು ಮೂಟೆ ಇವೆ. ನಡುಗಡಲಲ್ಲಿ ನೋಡುವವರು ಯಾರು? ಕ್ಯಾಮೆರಾ ಹಾಕಿ ಅಂದರೆ ಜಗಳ.

ಮೀನುಗಾರಿಕಾ ವಿದ್ಯಾರ್ಥಿ
ನಾರ್ವೆಯದ್ದೂ ಹೇಳಿ ಸರ್. ಅಲ್ಲಿ 1987ರಲ್ಲೇ ಕಾಡ್, ಹ್ಯಾಡಕ್ ಬಿಸಾಡುವುದನ್ನು ನಿಷೇಧಿಸಿದ್ರು. ಕೋಟಾ ಮೀರಿದ ಮೀನು ತಂದ್ರೆ ಮೀನುಗಾರನಿಗೆ ಬೆಲೆಯ 20% ಮಾತ್ರ ಸಿಗ್ತದೆ, ಬಾಕಿ ಹಣ ಮೀನುಗಾರರ ಮಾರಾಟ ಸಂಘಕ್ಕೆ. ತರುವ ಖರ್ಚು ಹುಟ್ಟಬೇಕು, ಅದಕ್ಕೇ ಅಂತ ಹಿಡಿಯುವ ಆಸೆ ಹುಟ್ಟಬಾರದು. ಒಂದು ಜಾಗದಲ್ಲಿ ಮರಿ ಹೆಚ್ಚು ಕಂಡ್ರೆ ಆ ಜಾಗವನ್ನೇ ತಾತ್ಕಾಲಿಕವಾಗಿ ಮುಚ್ತಾರೆ. ನನಗೆ ಇಷ್ಟವಾದದ್ದು ಆ ಇಪ್ಪತ್ತು ಪರ್ಸೆಂಟ್.

ಗಂಗೊಳ್ಳಿ ನಾಡದೋಣಿ
ಇಷ್ಟವಾಯ್ತಾ? ಸಂತೋಷ. ನಾರ್ವೆಯಲ್ಲಿ ಎಷ್ಟು ಜಾತಿ ಮೀನು, ನಮ್ಮ ಒಂದು ಎಳೆತಕ್ಕೆ ಎಷ್ಟು ಜಾತಿ? ಎಣಿಸ್ಲಿಕ್ಕೆ ಕೂತ್ರೆ ರಾತ್ರಿ ಆಗ್ತದೆ. ಎಲ್ಲದಕ್ಕೂ ಒಂದೊಂದು ಕೋಟಾ ಬರೆದ್ರೆ, ಯಾವುದೋ ಒಂದು ಮುಗಿದ ಕೂಡ್ಲೆ ಇಡೀ ಬಂದರಿಗೆ ಬೀಗ.

ಇನ್ನೊಂದು. ಕೋಟಾ ಅಂದ್ರೆ ಯಾರಿಗೆ ಎಷ್ಟು ಅಂತ ಪಾಲು. ಪಾಲು ಮಾಡುವಾಗ ನಮ್ಮ ಎಲೆ ಕಡೆಗೆ ಬಡಿಸ್ತಾರಾ? ಎಪ್ಪತ್ತರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆಯ ಬೋಟು ಬಂತು, ದಡದಿಂದ ಊರಿಗೆ ಊರೇ ಎಳೀತಿದ್ದ ರಂಪಣಿ ಬಲೆ ಮುಗಿದೇ ಹೋಯ್ತು. ನಮ್ಮ ಅಜ್ಜಯ್ಯನ ಪಾಲಿನ ಬಲೆ ಅಟ್ಟದಲ್ಲಿ ಇಲಿ ತಿಂದು ಹೋಯ್ತು. ಆವಾಗಲೂ ‘ಅಭಿವೃದ್ಧಿ’ ಅಂತಲೇ ಹೇಳಿದ್ದು.

ಪೀಟರ್‌ಹೆಡ್ ಕನ್ನಡಿಗ
ನಿಮ್ಮ ಹೆದರಿಕೆ ಸುಳ್ಳಲ್ಲ. ಐಸ್‌ಲ್ಯಾಂಡಿನಲ್ಲಿ ಕೋಟಾವನ್ನು ಮಾರಬಹುದು, ಕೊಳ್ಳಬಹುದು. ಬರಬರುತ್ತಾ ಅದು ದೊಡ್ಡ ಕಂಪನಿಗಳ ಕೈ ಸೇರಿತು, ಸಣ್ಣ ಊರುಗಳ ದೋಣಿಗೆ ಕೆಲಸ ಇಲ್ಲವಾಯಿತು. ಅಲ್ಲಿನ ಇಬ್ಬರು ಮೀನುಗಾರರು ದೂರು ಕೊಟ್ಟು, 2007ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೇ ಆ ಹಂಚಿಕೆ ತಾರತಮ್ಯದ್ದು ಎಂದಿತು. ಹಾಗಂತ ಮಿತಿಯೇ ಬೇಡ ಅನ್ನಬೇಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಕಾಡ್ ಖಾಲಿಯಾಗಿ 1992ರಲ್ಲಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು, ಸಾವಿರಾರು ಮನೆಗಳ ಕೆಲಸ ಒಂದೇ ದಿನಕ್ಕೆ ಹೋಯಿತು.

ಒಣಮೀನು ಅಕ್ಕ
ನೀವೆಲ್ಲ ಬಿಸಾಡುವ ಮೀನಿನದ್ದೇ ಮಾತಾಡ್ತಿದ್ದೀರಿ. ತಂದ ಮೀನು ಎಲ್ಲಿಗೆ ಹೋಗ್ತದೆ ಅಂತ ಕೇಳಿ. ನನ್ನ ಅಮ್ಮ ಬೋಟು ನಿಲ್ಲುವ ದಕ್ಕೆಯಲ್ಲಿ ಸಣ್ಣ ಮೀನು ಬುಟ್ಟಿ ಲೆಕ್ಕದಲ್ಲಿ ತಗೊಂಡು, ಉಪ್ಪು ಹಾಕಿ ಒಣಗಿಸಿ ಘಟ್ಟದ ಮೇಲಿನ ಸಂತೆಗೆ ಕಳಿಸ್ತಿದ್ರು. ಈಗ ನಾನು ಬುಟ್ಟಿ ಹಿಡ್ಕೊಂಡು ನಿಂತ್ರೆ ಪಕ್ಕದಲ್ಲಿ ಲಾರಿ ನಿಂತಿರ್ತದೆ, ಬೋಟಿನವರು ಇಡೀ ರಾಶಿ ಒಂದೇ ಸಲ ಅದಕ್ಕೆ ತುಂಬಿಸ್ತಾರೆ. ಆರಿಸುವ ತಲೆಬಿಸಿ ಇಲ್ಲ, ಚೌಕಾಸಿ ಇಲ್ಲ. ಒಂದು ಕೆಜಿ ಹುಡಿ ಆಗ್ಲಿಕ್ಕೆ ನಾಲ್ಕೈದು ಕೆಜಿ ಹಸಿ ಮೀನು ಬೇಕು. ಆ ಹುಡಿ ಸಿಗಡಿಗೆ, ಕೋಳಿಗೆ. ಅದನ್ನೂ ಹಾಳು ಮಾಡಿದ್ದು ಅಂತ ಲೆಕ್ಕ ಹಿಡೀಲಿಕ್ಕಿಲ್ವಾ?

ಮಲ್ಪೆ ಟ್ರಾಲ್
ಅಕ್ಕ, ಕಾರ್ಗಿಲ್ ಮೀನು ರಾಶಿ ಬಂದಾಗ ನೀವು ಒಣಗಿಸ್ತೀರಾ? ಬಲೆ ಕಚ್ಚಿ ಹರಿಯುವ ಮೀನು ಅದು, ಯಾರೂ ತಿನ್ನುವುದಿಲ್ಲ. ಫಿಶ್‌ಮೀಲ್‌ನವರು ಇಲ್ಲದಿದ್ರೆ ಅದೂ ನೀರಿಗೇ.

ಒಣಮೀನು ಅಕ್ಕ
ಕಾರ್ಗಿಲ್ ಕೊಡಿ, ನಾನು ಬೇಡ ಅಂದ್ನಾ? ಬೂತಾಯಿ ಮರಿ ಯಾಕೆ ಕೊಡ್ತೀರಿ?

ಬೆಂಗಳೂರು ಬೇಳೆಸಾರು
ಮೀನೇ ತಿನ್ನಬೇಡಿ, ಸಮಸ್ಯೆ ಮುಗೀತು 😀

ಗಂಗೊಳ್ಳಿ ನಾಡದೋಣಿ
ಬೇಳೆ ನೀವೇ ಉಣ್ಣಿ ಮಾರಾಯ್ರೆ, ನಮ್ಮದು ಹೊಟ್ಟೆಪಾಡಿನ ಮಾತು.

ಮೀನುಗಾರಿಕಾ ವಿದ್ಯಾರ್ಥಿ
ಬೂತಾಯಿ ಅಂದಾಗ ನೆನಪಾಯ್ತು. ಸಿಎಂಎಫ್‌ಆರ್‌ಐ (ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಲೆಕ್ಕದಲ್ಲಿ ಕೇರಳಕ್ಕೆ 2012ರಲ್ಲಿ ಬಂದ ಬೂತಾಯಿ ಹತ್ತಿರಹತ್ತಿರ 4 ಲಕ್ಷ ಟನ್. 2021ರಲ್ಲಿ 3,297 ಟನ್! ಕಡಲಿನ ಬಿಸಿ, ಮಳೆಯ ಏರುಪೇರು ಎಲ್ಲ ಸೇರಿದೆ, ಬಲೆಯೊಂದನ್ನೇ ಬೈಯಲಿಕ್ಕಾಗುವುದಿಲ್ಲ. ಆದರೆ ಮೀನು ಕಡಿಮೆ ಇರುವ ವರ್ಷ ಮರಿಯನ್ನೂ ಬಾಚಿದ್ರೆ ಮತ್ತೆ ಏಳುವುದು ನಿಧಾನ. ಅದಕ್ಕೇ ಕೇರಳ 2015ರಿಂದ ಕನಿಷ್ಠ ಅಳತೆ ತಂದದ್ದು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14, ಅದಕ್ಕಿಂತ ಸಣ್ಣದು ತಂದ್ರೆ ದಂಡ.

ಆದರೆ ಇಲ್ಲೂ ಯುರೋಪಿನದ್ದೇ ಕತೆ ಆಗಬಹುದು. ದಡದಲ್ಲಿ ದಂಡ ಅಂದ್ರೆ ತಾಂಡೇಲ ಎಂತ ಮಾಡ್ತಾನೆ? ಬರುವ ಮೊದಲೇ ಕಡಲಿಗೆ ಸುರೀತಾನೆ. ಬಲೆಗೆ ಬಿದ್ದ ಮೇಲೆ ಎಂತ ಕಾನೂನು ಮಾಡಿದ್ರೂ ಮೀನು ಸತ್ತದ್ದೇ. ಆದ್ದರಿಂದ ಬಲೆಯ ಕಣ್ಣು ನೋಡ್ಬೇಕು. ಈಗಿನ ಚೀಲದ ಕಣ್ಣು ವಜ್ರದ ಆಕಾರ. ಬೋಟು ಎಳೆಯುವಾಗ ಬಿಗಿಯಾಗಿ, ಕಣ್ಣು ಗೀಟಿನ ಹಾಗೆ ಮುಚ್ಚಿಕೊಳ್ತದೆ. ಚೌಕ ಕಣ್ಣು ಎಳೆದಷ್ಟೂ ತೆರೆದೇ ಇರ್ತದೆ, ಮರಿ ಕೆಳಗಿರುವಾಗಲೇ, ಜೀವ ಇರುವಾಗಲೇ ಹೊರಗೆ ಹೋಗ್ತದೆ. ಕೊಚ್ಚಿಯ ಸಿಐಎಫ್‌ಟಿ (ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ)ಯವರು ಎಷ್ಟೋ ವರ್ಷದಿಂದ ಇದನ್ನೇ ಹೇಳ್ತಿದ್ದಾರೆ.

ಮಲ್ಪೆ ಟ್ರಾಲ್
35 ಮಿಲಿಮೀಟರ್ ಚೌಕ ಕಣ್ಣು, ಗೊತ್ತುಂಟು. ತರಬೇತಿಗೆ ಕರೆದಿದ್ರು, ಊಟ ಒಳ್ಳೇದಿತ್ತು. ನಾನೊಬ್ಬ ಹಾಕಿದ್ರೆ ನನ್ನ ಬಲೆಯಿಂದ ತಪ್ಪಿಸಿಕೊಂಡದ್ದು ಹಿಂದಿನ ಬೋಟಿನವನ ಚೀಲಕ್ಕೆ. ಅವನು ಮಾರಿ ಬರ್ತಾನೆ, ನಾನು ಪುಣ್ಯ ಕಟ್ಕೊಂಡು ಬರ್ತೇನೆ. ಬೋಟಿನ ಕೆಲಸದ ಕಲಾಸಿಗಳಿಗೆ ಪುಣ್ಯ ಹಂಚ್ಲಿಕ್ಕೆ ಆಗ್ತದಾ? ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ರಜೆ ಅಂದಾಗ ಯಾಕೆ ಎಲ್ಲರೂ ಕೇಳ್ತೇವೆ? 61 ದಿನ ಪೂರಾ ನಮ್ಮಂಥ ಯಾಂತ್ರಿಕ ಬೋಟು ಒಂದೂ ಹೋಗುವ ಹಾಗಿಲ್ಲ. ಕಣ್ಣಿನ ವಿಷಯದಲ್ಲೂ ಹಾಗೇ ಮಾಡಿ. ಬೋಟು ಇಳಿಯುವ ಮೊದಲು ದಕ್ಕೆಯಲ್ಲೇ ಎಲ್ಲರ ಚೀಲ ಅಳೆಯಿರಿ.

ಗಂಗೊಳ್ಳಿ ನಾಡದೋಣಿ
ಅಳೆಯುವಾಗ ಒಂದು ಚೀಲ, ಕಡಲಿಗೆ ಹೋದ ಮೇಲೆ ಇನ್ನೊಂದು ಚೀಲ. ಲೈಟ್ ಫಿಶಿಂಗ್ (ದೊಡ್ಡ ದೀಪ ಹಾಕಿ ಮೀನು ಸೆಳೆದು ಹಿಡಿಯುವುದು) 2017ರಲ್ಲೇ ನಿಷೇಧ ಆಗಿದೆಯಲ್ಲ, ರಾತ್ರಿ ದಡದಲ್ಲಿ ನಿಂತು ನೋಡಿದ್ರೆ ಕಡಲಲ್ಲಿ ದೀಪಾವಳಿ ಕಾಣ್ತದೆ.

ಮಲ್ಪೆ ಟ್ರಾಲ್
ಲೈಟಿನವರ ಪಾಪ ನನ್ನ ತಲೆಗೆ ಕಟ್ಬೇಡಿ. ನಂದು ಟ್ರಾಲ್.

ಪಡುಕೆರೆ ಹುಡುಗ
ಮಾವನಿಗೆ ಇಷ್ಟನ್ನೂ ಓದಿ ಹೇಳಿದೆ. ಕೋಟಾದ ಭಾಗಕ್ಕೆ ನಕ್ಕರು. ಫಿಶ್‌ಮೀಲ್ ಬಂದಾಗ ಮಾತಾಡಲಿಲ್ಲ. ಕೊನೆಗೆ, ‘ಬಲೆ ಹೊಲಿಯುವವನ ಹತ್ತಿರ ಚೌಕ ಕಣ್ಣಿನ ಚೀಲಕ್ಕೆ ಎಷ್ಟು ಆಗ್ತದೆ ಕೇಳಿ ಬಾ. ಒಂದಕ್ಕೆ ಮಾತ್ರ’ ಅಂದ್ರು.

ಒಣಮೀನು ಅಕ್ಕ
ಆ ಚೀಲದಲ್ಲಿ ಬಂದದ್ದನ್ನು ಬೇರೆ ಬುಟ್ಟಿಯಲ್ಲಿ ಇಡ್ಲಿಕ್ಕೆ ಹೇಳು ಮಗ. ನಾನು ದಕ್ಕೆಗೆ ಬಂದು ನೋಡ್ತೇನೆ.