ಮಳೆ ಬಂದಾಗ ಹತ್ತುವ ಆಲ್ ವೀಲ್ ಡ್ರೈವ್ ದೀಪ, ಯು0114 ಕೋಡ್: ಅನುಭವ ತಿಳಿಸಿ

ಮೂಡಿಗೆರೆಯಿಂದ ಪ್ರಶ್ನೆ: ಮಳೆ ಹಿಡಿದಾಗಲೆಲ್ಲ ನಮ್ಮ ಕಾರಿನ ಆಲ್ ವೀಲ್ ಡ್ರೈವ್ ಎಚ್ಚರಿಕೆ ದೀಪ ಹತ್ತಿಕೊಳ್ಳುತ್ತದೆ, ಬಿಸಿಲು ಬಂದ ಮೇಲೆ ಆರುತ್ತದೆ. ಸ್ಕ್ಯಾನರ್‌ನಲ್ಲಿ ಯು0114 ಬಂದಿದೆ. ವರ್ಕ್‌ಶಾಪಿನವರು ಅದರ ಕಂಟ್ರೋಲ್ ಮಾಡ್ಯೂಲನ್ನೇ (ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬದಲಿಸಬೇಕೆನ್ನುತ್ತಾರೆ. ಅಷ್ಟು ಖರ್ಚು ಮಾಡುವ ಮೊದಲು ಏನೇನು ಪರೀಕ್ಷಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಚಿಕ್ಕಮಗಳೂರಿನಿಂದ, ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವರು: ಸರ್, ಈಗಲೇ ಮಾಡ್ಯೂಲ್ ಕೊಳ್ಳಬೇಡಿ. ಯು0114 ಎಂದರೆ ಮಾಡ್ಯೂಲ್ ಕೆಟ್ಟಿದೆ ಎಂದಲ್ಲ. ಫೋರ್ ವೀಲ್ ಡ್ರೈವ್ ಕ್ಲಚ್ಚಿನ (ಉಳಿದೆರಡು ಚಕ್ರಗಳಿಗೂ ಎಂಜಿನ್ ಬಲ ಜೋಡಿಸುವ ಭಾಗ) ಮಾಡ್ಯೂಲಿನಿಂದ ಬರಬೇಕಾದ ಸಂದೇಶ ತನಗೆ ತಲುಪಲಿಲ್ಲವೆಂದು ಬೇರೊಂದು ಮಾಡ್ಯೂಲ್ ಬರೆದಿಟ್ಟ ದೂರು ಅದು. ಆದ್ದರಿಂದ ಮೊದಲು ಕಾರಿನ ಎಲ್ಲ ಮಾಡ್ಯೂಲ್‌ಗಳನ್ನೂ ಸ್ಕ್ಯಾನ್ ಮಾಡಿಸಿ. ಎಲ್ಲವೂ ಆ ಒಂದನ್ನೇ ಬೊಟ್ಟು ಮಾಡಿದ್ದರೆ ಅದರ ಫ್ಯೂಸ್, ಅರ್ಥ್ ಮತ್ತು ಕನೆಕ್ಟರ್‌ಗಳಲ್ಲಿ ಹುಡುಕಬೇಕು. ಎಲ್ಲವೂ ಒಂದರ ಮೇಲೊಂದು ದೂರಿದ್ದರೆ ಮುಖ್ಯ ಕ್ಯಾನ್ ತಂತಿಗಳನ್ನೇ (ಮಾಡ್ಯೂಲ್‌ಗಳು ಪರಸ್ಪರ ಸಂದೇಶ ಕಳಿಸುವ ತಂತಿಜೋಡಿ) ಶಂಕಿಸಬೇಕು.

ಅನಂತರ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು, ಸ್ಕ್ಯಾನರ್ ಸಿಕ್ಕಿಸುವ ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವಿನ ಓಮ್ ಅಳೆಯಿರಿ. ಕ್ಯಾನ್ ತಂತಿಜೋಡಿಯ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ ಸರಿಯಿದ್ದರೆ ಸುಮಾರು 60 ಬರಬೇಕು. 120 ಬಂದರೆ ಎಲ್ಲೋ ಒಂದು ಕಡೆ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳೂ ಒಂದಕ್ಕೊಂದು ತಾಗಿವೆ. ಆದರೆ 60 ಬಂದಿತೆಂದು ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ರೆಸಿಸ್ಟರ್ ಇಲ್ಲದ ಕವಲು ತಂತಿ ಕಡಿದಿದ್ದರೂ ಸಾಕೆಟ್ಟಿನಲ್ಲಿ 60 ಓಮೇ ಕಾಣುತ್ತದೆ; ಗೇಟ್‌ವೇ (ಸಾಕೆಟ್ಟಿಗೂ ಉಳಿದ ತಂತಿಗಳಿಗೂ ನಡುವೆ ಸಂದೇಶ ದಾಟಿಸುವ ಮಾಡ್ಯೂಲ್) ಇರುವ ಕಾರುಗಳಲ್ಲಂತೂ ಸಾಕೆಟ್ಟಿನ ಅಳತೆ ಗೇಟ್‌ವೇವರೆಗಿನ ಸಂಗತಿಯನ್ನಷ್ಟೇ ಹೇಳುತ್ತದೆ. ಮಾಡ್ಯೂಲಿನ ಕನೆಕ್ಟರಿನಲ್ಲೇ ಮತ್ತೊಮ್ಮೆ ಅಳೆಯಲೇಬೇಕು. ಬ್ಯಾಟರಿ ಜೋಡಿಸಿದ ಮೇಲೆ ಅದೇ ಕನೆಕ್ಟರಿನ ಸಪ್ಲೈ ಮತ್ತು ಅರ್ಥ್ ಪಿನ್‌ಗಳಿಗೆ ಸಣ್ಣ ಬಲ್ಬ್ ಹಚ್ಚಿ ನೋಡಿ: ಮೀಟರಿನಲ್ಲಿ 12 ವೋಲ್ಟ್ ತೋರಿಸುವ ಕೆಟ್ಟ ಅರ್ಥ್, ಬಲ್ಬಿನ ಮಂಕು ಬೆಳಕಿನಲ್ಲಿ ಸಿಕ್ಕಿಬೀಳುತ್ತದೆ.

ಸಕಲೇಶಪುರದಿಂದ, ಕಾಫಿ ಬೆಳೆಗಾರರು: ನಮ್ಮ ಕಾರಿನಲ್ಲೂ ಮಳೆಗಾಲದಲ್ಲಿ ಇದೇ ತೊಂದರೆ ಇತ್ತು. ಹಿಂದಿನ ಡಿಫರೆನ್ಷಿಯಲ್ (ಹಿಂಬದಿ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಪಕ್ಕದ ಕನೆಕ್ಟರ್ ಬಿಚ್ಚಿದಾಗ ರಬ್ಬರ್ ಸೀಲಿನ ಒಳಗೆ ಕೆಮ್ಮಣ್ಣಿನ ನೀರು ನಿಂತಿತ್ತು, ಎರಡು ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹಿಂದೆ ಯಾರೋ ಟೆಸ್ಟ್ ಲ್ಯಾಂಪಿನ ಸೂಜಿ ಚುಚ್ಚಿದ್ದ ಜಾಗದಿಂದಲೂ ನೀರಿಳಿದು ಒಳಗಿನ ತಾಮ್ರ ಪುಡಿಯಾಗಿತ್ತು. ಪಿನ್, ಸೀಲ್ ಹೊಸದು ಹಾಕಿಸಿ, ತಂತಿಗಳ ಹೊಸೆತ ಬಿಚ್ಚದಂತೆ ಬೆಸೆಸಿದ ಮೇಲೆ ದೀಪ ಹತ್ತಿಲ್ಲ. ನಿಮ್ಮ ತಂತಿಗಳಿಗೆ ದಯವಿಟ್ಟು ಸೂಜಿ ಚುಚ್ಚಲು ಬಿಡಬೇಡಿ.

ಹಾಸನದಿಂದ: ಸೋತ ಬ್ಯಾಟರಿಯಿಂದಲೂ ಇಂಥ ಕೋಡ್‌ಗಳು ಬರುತ್ತವೆಯಾದರೂ ನಿಮ್ಮದು ಮಳೆಗೆ ಹೊಂದಿಕೊಂಡಿರುವುದರಿಂದ ಸಕಲೇಶಪುರದವರು ಹೇಳಿದ್ದನ್ನೇ ಮೊದಲು ನೋಡಿ. ಕೊನೆಗೆ ಮಾಡ್ಯೂಲ್ ಬದಲಿಸಲೇಬೇಕಾದರೆ, ಹಲವು ಕಾರುಗಳಲ್ಲಿ ಅದನ್ನು ಆ ಕಾರಿಗೆಂದೇ ಪ್ರೋಗ್ರಾಂ ಮಾಡಬೇಕಾಗುವುದರಿಂದ, ಸೆಕೆಂಡ್ ಹ್ಯಾಂಡ್ ಮಾಡ್ಯೂಲ್ ಕೊಳ್ಳುವ ಮುನ್ನ ಅದು ಸಾಧ್ಯವೇ ಎಂದು ಕೇಳಿಕೊಳ್ಳಿ.