ಎಂಸೀಡ್‌ನಿಂದ ಸ್ಯಾಕ್‌ಗೆ ಬದಲಾಯಿಸಿದರೆ ಮೂರೂವರೆ ನಿಮಿಷ ಮಾಯ, ಯಾರಾದರೂ ನೋಡಿ

ಹೊಸನಗರ_ಕಂಪನ
ತಲೆ ಕೆಟ್ಟು ಹೋಗಿದೆ. ನನ್ನ ಭೂಕಂಪ ಮಾಪಕದ ಮಿನಿಸೀಡ್ (ಎಂಸೀಡ್) ಫೈಲನ್ನು ಸ್ಯಾಕ್‌ಗೆ, ಅಂದರೆ ಕಂಪನದ ದಾಖಲೆಯ ಇನ್ನೊಂದು ಫಾರ್ಮ್ಯಾಟಿಗೆ, ಬದಲಾಯಿಸಿದರೆ ಟೈಮ್ ತಪ್ಪು ಬರ್ತಿದೆ. ಕಲ್ಲು ಕ್ವಾರಿಯ ಬ್ಲಾಸ್ಟ್ ಮೂಲ ಫೈಲಲ್ಲಿ 11:40:22ಕ್ಕೆ ಇದೆ. ಸ್ಯಾಕ್‌ನಲ್ಲಿ ಅದೇ ಬ್ಲಾಸ್ಟ್ 11:36:46ರ ಸುಮಾರಿಗೆ ಬರುತ್ತೆ. ಅಲೆಯ ಆಕಾರ ಪಕ್ಕಾ ಒಂದೇ. ಮೂರು ಸಲ ಮಾಡಿದೆ, ಮೂರು ಸಲವೂ ಇದೇ ಕಥೆ. ಅಲೆ ಬಂದ ಹೊತ್ತು ಗುರುತಿಸುವ ಪಿಕಿಂಗ್ ಪ್ರೋಗ್ರಾಂಗೆ ಸ್ಯಾಕೇ ಬೇಕು, ಅದೂ ದಿನಕ್ಕೊಂದೇ ಫೈಲ್. ಸೆಟಪ್ ಎಲ್ಲಾ ಮಾಮೂಲಿದೇ. ಏನು ಮಾಡಲಿ?

ಕೊಪ್ಪ_ಕಾಫಿ
ಯುಟಿಸಿ–ಐಎಸ್‌ಟಿ ಗೊಂದಲ ಇರಬೇಕು. ಮಿನಿಸೀಡ್‌ನಲ್ಲಿ ಎಲ್ಲವೂ ಯುಟಿಸಿ, ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ 5:30ಕ್ಕೆ ಹೊಸ ದಿನದ ಫೈಲ್ ಶುರು. ಕೊಯ್ನಾ ಭೂಕಂಪವನ್ನೇ ನೋಡಿ, 1967ರ ಡಿಸೆಂಬರ್ 10 ಅಂತ ಒಂದು ಕಡೆ, 11 ಅಂತ ಇನ್ನೊಂದು ಕಡೆ. ಎರಡೂ ಸರಿ. ಯುಟಿಸಿಯಲ್ಲಿ 10ರ ರಾತ್ರಿ 22:51, ನಮಗೆ 11ರ ಬೆಳಗಿನ ಜಾವ 4:21.

ಹೊಸನಗರ_ಕಂಪನ
ಬ್ಲಾಸ್ಟ್ ಆಗಿದ್ದು ಸಂಜೆ 5:10ಕ್ಕೆ, ಅಂದರೆ ಯುಟಿಸಿ 11:40. ಮೂಲ ಫೈಲ್ ಸರಿಯಾಗೇ ಇದೆ. ನನ್ನ ತಕರಾರು ಮೂರೂವರೆ ನಿಮಿಷದ್ದು, ಐದೂವರೆ ಗಂಟೆಯದ್ದಲ್ಲ.

ಬೈಟ್_ಭಟ್ರು
ಸ್ಯಾಕ್ ಹೆಡರ್ ತೆಗೆದು ಎನ್‌ವಿಎಚ್‌ಡಿಆರ್ (ಹೆಡರಿನ ಆವೃತ್ತಿ ಸಂಖ್ಯೆ) ನೋಡಿ. 6 ಇರಬೇಕು. ಅಲ್ಲಿ 100663296 ಅಂತ ಕಂಡರೆ ಬೈಟುಗಳು ಉಲ್ಟಾ ಕೂತಿವೆ ಅಂತ ಅರ್ಥ. ಬಿಗ್ ಎಂಡಿಯನ್ ಫೈಲನ್ನು ಲಿಟಲ್ ಎಂಡಿಯನ್ ಅಂತ ಓದಿದರೆ ಹೀಗೇ ಆಗೋದು.

ಹೊಸನಗರ_ಕಂಪನ
6 ಇದೆ.

ಬೈಟ್_ಭಟ್ರು
ಆದರೂ ಒಮ್ಮೆ ಸ್ವಾಪ್ ಮಾಡಿ ನೋಡಿ, ಕಳಕೊಳ್ಳೋದೇನಿದೆ.

ತುಂಗಾತೀರ
ಭಟ್ರೇ, ಬೈಟ್ ಉಲ್ಟಾ ಆಗಿದ್ದರೆ ಅಲೆಯೇ ಕಾಣ್ತಿರಲಿಲ್ಲ, ಬರೀ ಕಸ ಕಾಣ್ತಿತ್ತು.

ಇದು ಸ್ಯಾಂಪ್ಲಿಂಗ್ ರೇಟಿನ ಸಮಸ್ಯೆ. ನಿಮ್ಮ ರೆಕಾರ್ಡರ್ 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಸ್ಯಾಂಪಲ್ ಅಂತ ಹೇಳುತ್ತೆ, ನಿಜವಾಗಿ ಓಡ್ತಿರೋದು ಅದಕ್ಕಿಂತ ನಿಧಾನ. ಮಿನಿಸೀಡ್‌ನಲ್ಲಿ ಪ್ರತಿ ರೆಕಾರ್ಡಿಗೂ, ಅಂದರೆ ಸಾಮಾನ್ಯವಾಗಿ 512 ಬೈಟಿಗೊಮ್ಮೆ, ಹೊಸ ಟೈಮ್ ಬೀಳುತ್ತೆ. ಹಾಗಾಗಿ ತಪ್ಪು ಮುಚ್ಚಿಹೋಗುತ್ತೆ. ಸ್ಯಾಕ್‌ನಲ್ಲಿ ಟೈಮ್ ಇರೋದು ಒಂದೇ ಸಲ, ಶುರುವಿನಲ್ಲಿ. ಆಮೇಲೆಲ್ಲ ಡೆಲ್ಟಾ, ಅಂದರೆ ಎರಡು ಸ್ಯಾಂಪಲ್ ನಡುವಿನ ಹೊತ್ತು, ಗುಣಿಸೋದು. ಲೆಕ್ಕ ಮಾಡಿದೆ: ಮಧ್ಯರಾತ್ರಿಯಿಂದ 11:40:22ಕ್ಕೆ 42022 ಸೆಕೆಂಡ್. ಸ್ಯಾಕ್‌ನಲ್ಲಿ ಸುಮಾರು 41806.5. ಭಾಗಿಸಿದರೆ 1.005154. ಡೆಲ್ಟಾವನ್ನು 0.01ರ ಬದಲು 0.01005154 ಮಾಡಿ, ಬ್ಲಾಸ್ಟ್ ಜಾಗಕ್ಕೆ ಬಂದು ಕೂರುತ್ತೆ.

ಹೊಸನಗರ_ಕಂಪನ
ಬಂತು! ಬ್ಲಾಸ್ಟ್ ಸರಿಯಾಗಿ 11:40:22ಕ್ಕೆ. ತುಂಬಾ ಥ್ಯಾಂಕ್ಸ್ ಸರ್.

ಹೊಸನಗರ_ಕಂಪನ
ಇಲ್ಲ, ಹಾಳಾಗಿದೆ. ಬೆಳಿಗ್ಗೆ ಒಂಬತ್ತೂವರೆಗೆ ಪಕ್ಕದ ಅಕ್ಕಿ ಗಿರಣಿ ಸ್ಟಾರ್ಟ್ ಆಗೋದು ದಿನಾ ಕಾಣುತ್ತೆ, ಯುಟಿಸಿ 04:00. ಮೊದಲು ಅದು ಎರಡೂ ಫೈಲಲ್ಲಿ ಸರಿ ಇತ್ತು. ಡೆಲ್ಟಾ ಬದಲಾಯಿಸಿದ ಮೇಲೆ ಗಿರಣಿ 74 ಸೆಕೆಂಡ್ ತಡ.

ತುಂಗಾತೀರ
ಹಗಲು ಬಿಸಿ ಏರಿದಂತೆ ರೆಕಾರ್ಡರಿನ ಗಡಿಯಾರ ನಡೆಸುವ ಕ್ರಿಸ್ಟಲ್ ಓಟ ಬದಲಾಗುತ್ತೆ. ಬೆಳಿಗ್ಗೆ ಒಂದು ಡೆಲ್ಟಾ, ಮಧ್ಯಾಹ್ನ ಒಂದು ಡೆಲ್ಟಾ ಹಾಕಬೇಕು. ಬಾಕ್ಸಿನ ಒಳಗಿನ ಉಷ್ಣತೆ ಎಷ್ಟು? ಮೇಲೆ ತಗಡಿನ ಶೀಟ್ ಇದೆಯಾ?

ಜಂಬಿಟ್ಟಿಗೆ
ಎಂತ ಮಾರಾಯ್ರೆ, ಅರ್ಧ ಪರ್ಸೆಂಟ್ ತಪ್ಪುವ ಕ್ರಿಸ್ಟಲ್ ಎಲ್ಲಿ ಸಿಗುತ್ತೆ? ಸಾಧಾರಣ ಅಗ್ಗದ ಕ್ರಿಸ್ಟಲ್ಲೂ 20 ಪಿಪಿಎಂ (ಹತ್ತು ಲಕ್ಷಕ್ಕೆ 20) ಆಸುಪಾಸಿನಲ್ಲಿರುತ್ತೆ. 20 ಪಿಪಿಎಂ ಅಂದರೆ ಇಡೀ ದಿನಕ್ಕೆ 1.7 ಸೆಕೆಂಡ್. ನಿಮ್ಮ ಲೆಕ್ಕದಲ್ಲಿ ಬಂದಿರೋದು 5000 ಪಿಪಿಎಂ. ತಗಡಿನ ಶೀಟಲ್ಲ, ಒಲೆಯ ಮೇಲಿಟ್ಟರೂ ಅಷ್ಟು ಓಡಲ್ಲ.

ಇನ್ನೊಂದು. ಗಡಿಯಾರ ಜಾರಿದರೆ ತಪ್ಪು ಸ್ವಲ್ಪ ಸ್ವಲ್ಪವೇ ಬೆಳೆಯುತ್ತೆ. ಇಲ್ಲಿ ನಾಲ್ಕು ಗಂಟೆವರೆಗೆ ಸೊನ್ನೆ, ಹನ್ನೊಂದೂಮುಕ್ಕಾಲರ ಹೊತ್ತಿಗೆ ಇನ್ನೂರ ಚಿಲ್ಲರೆ ಸೆಕೆಂಡ್. ಇದು ಜಾರುಬಂಡೆ ಅಲ್ಲ, ಮೆಟ್ಟಿಲು.

ಹೊಸನಗರದವರೇ, ಮೂರು ವಿಷಯ ಬೇಕು. ಸ್ಯಾಕ್ ಫೈಲಿನ ಸೈಜ್, ಕೆಬಿ ಎಂಬಿಯಲ್ಲಲ್ಲ, ಪೂರ್ತಿ ಬೈಟುಗಳಲ್ಲಿ. ಮೂಲ ಫೈಲಿನ ಮೊದಲ ಮತ್ತು ಕೊನೆಯ ಸ್ಯಾಂಪಲ್ಲಿನ ಟೈಮ್. ಬದಲಾಯಿಸೋಕೆ ಕೊಟ್ಟ ಕಮಾಂಡುಗಳು, ಒಂದೂ ಬಿಡದೆ. "ಮಾಮೂಲಿ" ಅನ್ನೋ ಮಾತು ಬೇಡ.

ಬೈಟ್_ಭಟ್ರು
ಅದಿರಲಿ, ಸ್ಯಾಕ್‌ನಲ್ಲಿ ಡೆಲ್ಟಾ 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ) ಅನ್ನೋದನ್ನು ಯಾರೂ ಹೇಳ್ಲಿಲ್ಲ. 0.01 ಅಂತ ಬರೆದರೆ ಒಳಗೆ ಕೂರೋದು 0.00999999978. ಅದಕ್ಕೇ ನಾನು ಸ್ಯಾಕ್ ಮುಟ್ಟಲ್ಲ.

ಕೊಪ್ಪ_ಕಾಫಿ
ಆ ತಪ್ಪು ಇಡೀ ದಿನಕ್ಕೆ 1.9 ಮಿಲಿಸೆಕೆಂಡ್ ಭಟ್ರೇ. ಓದುವಾಗ ಡೆಲ್ಟಾವನ್ನು ಮೈಕ್ರೋಸೆಕೆಂಡಿಗೆ ದುಂಡು ಮಾಡಿಕೊಂಡರೆ ಅದೂ ಇಲ್ಲ.

ಬೈಟ್_ಭಟ್ರು
ಸ್ಯಾಂಪಲ್ ಕೂಡ ಫ್ಲೋಟೇ. ಪೂರ್ಣಾಂಕವನ್ನು ಫ್ಲೋಟಿಗೆ ತುಂಬಿದರೆ ನಿಖರತೆ ಹೋಯ್ತು.

ಕೊಪ್ಪ_ಕಾಫಿ
32 ಬಿಟ್ ಫ್ಲೋಟ್ 16777216ರವರೆಗೆ ಪ್ರತಿಯೊಂದು ಪೂರ್ಣಾಂಕವನ್ನೂ ಹಾಗೇ ಹಿಡಿಯುತ್ತೆ. 24 ಬಿಟ್ ಡಿಜಿಟೈಜರ್ ಕೊಡೋದೇ ಹೆಚ್ಚೆಂದರೆ 8388607. ಹೋಗೋದು ಏನು?

ಬೈಟ್_ಭಟ್ರು
ಗೇನ್ ಗುಣಿಸಿ ಇಟ್ಟವರು ಇರ್ತಾರಲ್ಲ.

ಹೊಸನಗರ_ಕಂಪನ
ಸೈಜ್ 34395152 ಬೈಟ್. ಮೂಲ ಫೈಲ್ 00:00:00.00ರಿಂದ 23:59:59.99ರವರೆಗೆ.

ಕಮಾಂಡ್ ವಿಶೇಷ ಏನಿಲ್ಲ. ಮೊದಲು ಎಂಸೀಡ್2ಸ್ಯಾಕ್ ಹಾಕಿದ್ದೆ, ನಾಲ್ಕು ತುಂಡು ಫೈಲ್ ಕೊಡ್ತು. ಪ್ರೋಗ್ರಾಂಗೆ ಒಂದೇ ಬೇಕಲ್ಲ, ಅದಕ್ಕೆ ಎಂಸೀಡ್2ಆಸ್ಕಿ ಹಾಕಿದೆ. ಅದೂ ನಾಲ್ಕು ಟೆಕ್ಸ್ಟ್ ಫೈಲ್ ಕೊಡ್ತು. "ಟೈಮ್‌ಸೀರೀಸ್" ಅಂತ ಶುರುವಾಗುವ ಹೆಡರ್ ಸಾಲನ್ನು ನಾಲ್ಕರಿಂದಲೂ ತೆಗೆದು, ಕ್ಯಾಟ್ ಹಾಕಿ ಒಂದು ಮಾಡಿ, ಪೈಥಾನಿನಲ್ಲಿ ಓದಿ, ಮೊದಲ ಫೈಲಿನ ಟೈಮ್ ಕೊಟ್ಟು ಸ್ಯಾಕ್ ಬರೆದೆ.

ಜಂಬಿಟ್ಟಿಗೆ
ಅಲ್ಲೇ ಇದೆ ನೋಡಿ.

ಸ್ಯಾಕ್ ಫೈಲಿನ ಹೆಡರ್ ಯಾವಾಗಲೂ 632 ಬೈಟ್, ಆಮೇಲೆ ಸ್ಯಾಂಪಲ್ಲಿಗೆ 4 ಬೈಟ್. 34395152ರಲ್ಲಿ 632 ಕಳೆದು 4ರಿಂದ ಭಾಗಿಸಿ: 8598630 ಸ್ಯಾಂಪಲ್. 100 ಹರ್ಟ್ಸ್‌ನಲ್ಲಿ ಪೂರ್ತಿ ದಿನಕ್ಕೆ 8640000 ಇರಬೇಕು. 41370 ಕಡಿಮೆ, ಅಂದರೆ 413.7 ಸೆಕೆಂಡಿನ ದಾಖಲೆ ಮೂಲದಲ್ಲೇ ಇಲ್ಲ.

ಪರಿವರ್ತಕ ನಾಲ್ಕು ತುಂಡು ಕೊಟ್ಟಿದ್ದು ಕಾಟ ಕೊಡೋಕಲ್ಲ. ನಡುವೆ ಮೂರು ಕಡೆ ರೆಕಾರ್ಡಿಂಗ್ ನಿಂತಿದೆ. ಮಿನಿಸೀಡ್‌ಗೆ ಗ್ಯಾಪ್ ಇದ್ದರೆ ತೊಂದರೆ ಇಲ್ಲ, ಮುಂದಿನ ರೆಕಾರ್ಡು ತನ್ನ ಟೈಮ್ ತಾನೇ ಹೇಳುತ್ತೆ. ಮಾಮೂಲಿ ಸ್ಯಾಕ್ ಫೈಲಿಗೆ ಗ್ಯಾಪ್ ಅನ್ನೋದೇ ಗೊತ್ತಿಲ್ಲ: ಶುರುವಿನ ಟೈಮ್, ಡೆಲ್ಟಾ, ಎಣಿಕೆ, ಮುಗೀತು. ಅದಕ್ಕೇ ಎಂಸೀಡ್2ಸ್ಯಾಕ್ ಗ್ಯಾಪ್ ಸಿಕ್ಕಲ್ಲೆಲ್ಲ ಹೊಸ ಫೈಲ್ ತೆರೆಯುತ್ತೆ. ಆಸ್ಕಿಯದ್ದೂ ಅದೇ ರೀತಿ. ನೀವು ತೆಗೆದು ಬಿಸಾಡಿದ ಆ ಟೈಮ್‌ಸೀರೀಸ್ ಸಾಲಿನಲ್ಲೇ ಪ್ರತಿ ತುಂಡಿನ ಶುರುವಿನ ಹೊತ್ತು, ರೇಟು, ಸ್ಯಾಂಪಲ್ ಎಣಿಕೆ ಇದ್ದದ್ದು. ಅದು ಹೋದ ಮೇಲೆ ಎರಡನೇ ತುಂಡು ಮೊದಲನೇದರ ಬಾಲಕ್ಕೆ ಅಂಟಿಕೊಂಡು ಅಷ್ಟು ಸೆಕೆಂಡ್ ಮುಂಚೆ ಬಂತು. ಬೆಳಿಗ್ಗೆ ಗಿರಣಿ ಸರಿ ಇತ್ತು, ಯಾಕೆಂದರೆ ಅಷ್ಟರವರೆಗೆ ಕರೆಂಟ್ ಹೋಗಿರಲಿಲ್ಲ.

ಆಬ್ಸ್‌ಪೈನಲ್ಲಿ (ಭೂಕಂಪನ ದಾಖಲೆಗಾಗಿ ಇರುವ ಪೈಥಾನ್ ಲೈಬ್ರರಿ) ಮೂಲ ಫೈಲ್ ರೀಡ್ ಮಾಡಿ, ಪ್ರಿಂಟ್_ಗ್ಯಾಪ್ಸ್ ಕೊಟ್ಟು ಏನು ಬರುತ್ತೆ ಹಾಕಿ. ಆಬ್ಸ್‌ಪೈ ಇಲ್ಲದಿದ್ದರೆ ಎಂಎಸ್‌ಐ ಕಮಾಂಡಿಗೆ -ಟಿಜಿ ಕೊಟ್ಟರೂ ಕಾಣುತ್ತೆ.

ಹೊಸನಗರ_ಕಂಪನ
ಮೂರು ಗ್ಯಾಪ್ ಸರ್. 08:52ಕ್ಕೆ 118.42, 10:17ಕ್ಕೆ 97.05, 14:05ಕ್ಕೆ 198.23 ಸೆಕೆಂಡ್. ಕೊನೆಯ ಅಂಕಿ ದುಂಡು ಮಾಡಿದ್ದೇನೆ. ಮೊದಲೆರಡು ಕೂಡಿಸಿದರೆ 215.47, ಅಂದರೆ 3 ನಿಮಿಷ 35 ಸೆಕೆಂಡ್. ಬ್ಲಾಸ್ಟ್ ಹಿಂದೆ ಹೋಗಿದ್ದು ಸರಿಯಾಗಿ ಅಷ್ಟೇ! ಮೂರೂ ಕೂಡಿಸಿದರೆ 413.70.

ಅವತ್ತು ಮಧ್ಯಾಹ್ನದಿಂದ ಗುಡುಗು ಮಳೆ, ಕರೆಂಟ್ ಮೂರು ಸಲ ಹೋಗಿ ಬಂತು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಅನ್ನಿಸಲೇ ಇಲ್ಲ.

ಜಂಬಿಟ್ಟಿಗೆ
ಈಗ ಹೀಗೆ ಮಾಡಿ. ಟೆಕ್ಸ್ಟ್ ದಾರಿ ಬಿಟ್ಟುಬಿಡಿ, ಮಿನಿಸೀಡ್‌ನಿಂದ ನೇರ ಹೋಗಿ.

ರೀಡ್ ಮಾಡಿದ ಕೂಡಲೇ, ಜೋಡಿಸುವ ಮೊದಲೇ, ಡೀಟ್ರೆಂಡ್‌ಗೆ "ಡೀಮೀನ್" ಕೊಡಿ. ಆಗ ನಾಲ್ಕು ತುಂಡಿಗೂ ಬೇರೆ ಬೇರೆಯಾಗಿ ಸರಾಸರಿ ಕಳೆಯುತ್ತೆ. ಈ ಹೆಜ್ಜೆ ಹಾರಿಸಿದರೆ ಏನಾಗುತ್ತೆ ಅಂದರೆ, ನಿಮ್ಮ ಅಲೆ ಸೊನ್ನೆಯ ಸುತ್ತ ಆಡ್ತಿರಲ್ಲ, ಹದಿನಾರು ಸಾವಿರ ಕೌಂಟಿನ ಸುತ್ತ ಆಡ್ತಿರಬಹುದು. ಗ್ಯಾಪಿಗೆ ಸೊನ್ನೆ ತುಂಬಿದಿರೋ, ಅಲ್ಲಿ ಹದಿನಾರು ಸಾವಿರದ ಪ್ರಪಾತ, ಆಚೆ ಬದಿಗೆ ಅಷ್ಟೇ ಎತ್ತರದ ಗೋಡೆ. ಫಿಲ್ಟರ್ ಹಾಕಿದ ತಕ್ಷಣ ಅದು ಗಂಟೆ ಹೊಡೆದ ಹಾಗೆ ಕುಣಿಯುತ್ತೆ, ಎಸ್‌ಟಿಎ/ಎಲ್‌ಟಿಎ ಟ್ರಿಗರ್ (ಈ ಕ್ಷಣದ ಸರಾಸರಿಯನ್ನು ದೀರ್ಘ ಸರಾಸರಿಗೆ ಹೋಲಿಸುವಂಥದ್ದು) ಅದನ್ನೇ ಭೂಕಂಪ ಅಂತ ಹಿಡಿಯುತ್ತೆ. ಸಾಧ್ಯವಾದರೆ ಪ್ರತಿ ತುಂಡಿನ ಎರಡೂ ತುದಿಗೆ ಕೆಲವು ಸೆಕೆಂಡ್ ಟೇಪರ್ (ಅಲೆಯನ್ನು ನಿಧಾನವಾಗಿ ಸೊನ್ನೆಗೆ ಇಳಿಸೋದು) ಕೂಡ ಹಾಕಿ.

ಆಮೇಲೆ ತುಂಡು ಜೋಡಿಸುವ ಮರ್ಜ್, ಫಿಲ್_ವ್ಯಾಲ್ಯೂ 0. ಫಿಲ್_ವ್ಯಾಲ್ಯೂ ಕೊಡದಿದ್ದರೆ ಗ್ಯಾಪಿನ ಜಾಗದಲ್ಲಿ ಮಾಸ್ಕ್ (ಖಾಲಿ ಅನ್ನೋ ಗುರುತು) ಕೂರುತ್ತೆ, ವಾಪಸ್ ಮಿನಿಸೀಡ್ ಬರೆಯಲು ಹೋದರೆ ಮಾಸ್ಕ್ ಇರುವ ಅರೇ ಬರೆಯಲ್ಲ ಅಂತ ನಿಂತುಬಿಡುತ್ತೆ. "ಇಂಟರ್ಪೊಲೇಟ್" ಕೊಡಬೇಡಿ, ಮೂರು ನಿಮಿಷಕ್ಕೆ ಸ್ಕೇಲಿಟ್ಟು ಗೆರೆ ಎಳೆಯುತ್ತೆ, ನೋಡುವವರಿಗೆ ಅಲ್ಲಿ ದಾಖಲೆ ಇದೆ ಅನ್ನಿಸುತ್ತೆ.

ಕೊನೆಗೆ ಸ್ಯಾಕ್ ಆಗಿ ಬರೆಯಿರಿ. ಸೈಜ್ 34560632 ಬಂದರೆ ಎಣಿಕೆ ಸರಿ. ಗ್ಯಾಪಿನ ಪಟ್ಟಿಯನ್ನು ಪಕ್ಕದಲ್ಲೇ ಟೆಕ್ಸ್ಟ್ ಫೈಲಾಗಿ ಇಡಿ. ಆರು ತಿಂಗಳು ಬಿಟ್ಟು ನೋಡಿದರೆ ಆ ಸೊನ್ನೆ ಮೌನವೋ ಕರೆಂಟ್ ಇಲ್ಲದ್ದೋ ಗೊತ್ತಾಗಲ್ಲ. ರೀಬೂಟ್ ಆದ ಮೇಲೆ ಸ್ಯಾಂಪಲ್ಲುಗಳು ಹಳೆಯ ಗೀಟಿನ ಮೇಲೇ ಬೀಳಬೇಕೆಂದಿಲ್ಲ, ಜೋಡಿಸುವಾಗ ಅರ್ಧ ಸ್ಯಾಂಪಲ್, ಅಂದರೆ 5 ಮಿಲಿಸೆಕೆಂಡಿನವರೆಗೆ ಸರಿಯಬಹುದು. ಕ್ವಾರಿ ಬ್ಲಾಸ್ಟಿಗೆ ಅದು ಲೆಕ್ಕಕ್ಕಿಲ್ಲ.

ಮತ್ತೆ, ಗ್ಯಾಪ್ ಪಟ್ಟಿಯಲ್ಲಿ ಮೈನಸ್ ಸಂಖ್ಯೆ ಕಂಡರೆ ಅದು ಓವರ್‌ಲ್ಯಾಪ್. ಗಡಿಯಾರದ ಬ್ಯಾಟರಿ ಇಲ್ಲದ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಇದು ಸಾಮಾನ್ಯ. ಕರೆಂಟ್ ಬಂದ ಕೂಡಲೇ ಅದು ಕೊನೆಗೆ ಉಳಿಸಿಟ್ಟ ಹಳೆಯ ಹೊತ್ತಿನಿಂದ ಶುರು ಮಾಡುತ್ತೆ, ಎನ್‌ಟಿಪಿ, ಅಂದರೆ ಇಂಟರ್ನೆಟ್ಟಿನ ಸರಿಯಾದ ಟೈಮ್, ಸಿಕ್ಕ ಮೇಲೆ ಮುಂದಕ್ಕೆ ಹಾರುತ್ತೆ. ನಮ್ಮ ಕಡೆ ಕರೆಂಟ್ ಹೋದರೆ ಟವರ್ರೂ ಅದರ ಹಿಂದೆಯೇ ಹೋಗೋದ್ರಿಂದ ಎನ್‌ಟಿಪಿ ಸಿಗೋಕೆ ಅರ್ಧ ಗಂಟೆಯೂ ಆಗಬಹುದು. ಆ ನಡುವಿನ ದಾಖಲೆಯ ಟೈಮ್ ನಂಬಬೇಡಿ, ಕತ್ತರಿಸಿ ಹಾಕಿ.

ತುಂಗಾತೀರ
ಇದರಲ್ಲಿ ಗ್ಯಾಪ್ ಅಂತ ಒಪ್ತೀನಿ. ಆದರೆ ಕ್ರಿಸ್ಟಲ್ ಜಾರೋದೂ ಸುಳ್ಳಲ್ಲ. ಅದಕ್ಕೇ ನಂದು ಜಿಪಿಎಸ್. ಆಂಟೆನಾ ಹಂಚಿನ ಮೇಲೆ, ಐದು ಮೀಟರ್ ಕೇಬಲ್. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿಯಿಂದ ಬಕ್ ಕನ್ವರ್ಟರ್ ಹಾಕಿ ನೇರ 5 ವೋಲ್ಟ್. ಇನ್ವರ್ಟರ್ ಇಲ್ಲ, ಚೇಂಜೋವರ್ ಇಲ್ಲ. ಮೂರೂವರೆ ವಾಟ್ ಲೋಡಿಗೆ ಬ್ಯಾಟರಿಯನ್ನು ಅರ್ಧಕ್ಕಿಂತ ಇಳಿಸದೆ ಹನ್ನೆರಡು ಗಂಟೆ ಎಳೆಯುತ್ತೆ.

ಕೊಪ್ಪ_ಕಾಫಿ
ಹಂಚಿನ ಮೇಲೆ ಆಂಟೆನಾ, ಸಿಡಿಲಿಗೆ ಆಹ್ವಾನ ಪತ್ರಿಕೆ. ಸರ್ಜ್ ಅರೆಸ್ಟರ್ ಇದೆಯಾ?

ನನ್ನ ಸೆನ್ಸರಿಗೆ ಜಂಬಿಟ್ಟಿಗೆ ಕಲ್ಲಿನಲ್ಲಿ ಮೂರಡಿ ಗುಂಡಿ, ತಳಕ್ಕೆ ಸಿಮೆಂಟ್ ಹಾಕಿ ಹತ್ತಿಂಚಿನ ಪಿವಿಸಿ ಪೈಪ್ ನಿಲ್ಲಿಸಿದ್ದು. ಮೇಲೆ ಥರ್ಮಾಕೋಲ್ ಮುಚ್ಚಳ, ಒಳಗೆ ಸಿಲಿಕಾ ಜೆಲ್. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಜೆಲ್ ಹುರಿದು ಹಾಕಬೇಕು. ಅಡಿಕೆ ಮರದಿಂದ ಮಾತ್ರ ದೂರ ಇಡಿ, ಗಾಳಿಗೆ ಮರ ತೂಗಿದರೆ ಬೇರಿನ ಜೊತೆ ನೆಲವೂ ತೂಗುತ್ತೆ, ಎರಡು ಮೂರು ಹರ್ಟ್ಸ್ ಪೂರ್ತಿ ಕೊಳಕು.

ಬೈಟ್_ಭಟ್ರು
ಹತ್ತಿಂಚಿನ ಪೈಪಿಗೆ ಮೂರು ಕಾಂಪೊನೆಂಟಿನ ಬಾಕ್ಸ್ ಹಿಡಿಯುತ್ತಾ?

ಹೊಸನಗರ_ಕಂಪನ
34560632 ಬಂತು. ಗಿರಣಿ 04:00, ಬ್ಲಾಸ್ಟ್ 11:40:22, ಎರಡೂ ಜಾಗದಲ್ಲಿವೆ. ಡೀಮೀನ್ ಮಾಡದೆ ಒಮ್ಮೆ ನೋಡಿದೆ, ಹೇಳಿದ ಹಾಗೇ ಮೂರು ಗ್ಯಾಪಿಗೆ ಆರು ಸುಳ್ಳು ಟ್ರಿಗರ್. ಡೀಮೀನ್ ಮಾಡಿದ್ದನ್ನು ವಾಪಸ್ ಮಿನಿಸೀಡ್ ಮಾಡಬೇಕಿದ್ದರೆ ಸ್ಟೀಮ್2 ಕಂಪ್ರೆಷನ್ ಆಗುತ್ತಾ?

ಜಂಬಿಟ್ಟಿಗೆ
ಆಗಲ್ಲ. ಸ್ಟೀಮ್ ಪೂರ್ಣಾಂಕಕ್ಕೆ ಮಾತ್ರ. ದುಂಡು ಮಾಡಿ 32 ಬಿಟ್ ಪೂರ್ಣಾಂಕ ಮಾಡಿಕೊಳ್ಳಿ, ಇಲ್ಲವೇ ಫ್ಲೋಟ್32 ಎನ್‌ಕೋಡಿಂಗ್ ಕೊಡಿ, ಫೈಲ್ ದಪ್ಪ ಆಗುತ್ತೆ ಅಷ್ಟೇ. ಯಾವುದಾದರೂ ಸರಿ, ಮೂಲ ಮಿನಿಸೀಡ್ ಅಳಿಸಬೇಡಿ.

ಬೋರ್‌ವೆಲ್_ಜಿಯೋ
ಇಲ್ಲೇ ಕೇಳ್ತೀನಿ, ಕ್ಷಮಿಸಿ. ನೆಲದಡಿಯ ಕಲ್ಲಿನ ಆಳ ನೋಡುವ 24 ಚಾನೆಲ್ ರಿಫ್ರಾಕ್ಷನ್ ಸರ್ವೆ, ಸುತ್ತಿಗೆ ಹೊಡೆತ. ಸೆಗ್-2 ಫಾರ್ಮ್ಯಾಟಿನಿಂದ ಸೆಗ್-ವೈ ಮಾಡಿದರೆ ಫಸ್ಟ್ ಬ್ರೇಕ್ (ಮೊದಲ ಅಲೆ ಬರುವ ಹೊತ್ತು) ಎಲ್ಲಾ ಚಾನೆಲ್ಲಿಗೂ 10 ಮಿಲಿಸೆಕೆಂಡ್ ತಡ. ಅಲೆಯೂ ಮುಳ್ಳು ಮುಳ್ಳಾಗಿ ಕಾಣುತ್ತೆ.

ಜಂಬಿಟ್ಟಿಗೆ
ಎರಡು ಬೇರೆ ಬೇರೆ ಕಾಯಿಲೆ. ಸೆಗ್-2 ಹೆಡರಿನಲ್ಲಿ ಡಿಲೇ ಅನ್ನೋ ಸಾಲು ನೋಡಿ, -0.010 ಇರಬೇಕು, ಸೆಕೆಂಡಿನಲ್ಲಿ. ಹೊಡೆತಕ್ಕಿಂತ 10 ಮಿಲಿಸೆಕೆಂಡ್ ಮೊದಲೇ ರೆಕಾರ್ಡ್ ಶುರುವಾಗಿದೆ ಅಂತ. ಸೆಗ್-ವೈನಲ್ಲಿ ಅದು ಟ್ರೇಸ್ ಹೆಡರಿನ 109–110ನೇ ಬೈಟಿಗೆ -10 ಅಂತ ಮಿಲಿಸೆಕೆಂಡಿನಲ್ಲಿ ಹೋಗಬೇಕು. ಪರಿವರ್ತಕ ಅದನ್ನು ಬಿಟ್ಟಿದೆ. ಹಾಗೇ ಲೆಕ್ಕ ಮಾಡಿದರೆ ಇಂಟರ್‌ಸೆಪ್ಟ್ ಟೈಮ್ ಜಾಸ್ತಿಯಾಗಿ ಗಟ್ಟಿ ಕಲ್ಲು ಇರೋದಕ್ಕಿಂತ ಆಳದಲ್ಲಿ ಬರುತ್ತೆ.

ಮುಳ್ಳಿಗೆ 3225–3226ನೇ ಬೈಟ್ ನೋಡಿ. 1 ಅಂದರೆ ಐಬಿಎಂ ಫ್ಲೋಟ್, 5 ಅಂದರೆ ಐಇಇಇ. ಒಂದರಲ್ಲಿ ಬರೆದು ಇನ್ನೊಂದು ಅಂತ ಸಂಖ್ಯೆ ಹಾಕಿದ್ದರೆ ಹೀಗೇ ಕಾಣೋದು.

ಸ್ಯಾಂಪಲ್ ಇಂಟರ್ವಲ್ ಎಷ್ಟು? ಸೆಗ್-ವೈನ 3217–3218ರಲ್ಲಿ ಪೂರ್ಣ ಮೈಕ್ರೋಸೆಕೆಂಡ್ ಮಾತ್ರ ಹಿಡಿಯೋದು. 0.125 ಮಿಲಿಸೆಕೆಂಡ್ ಆದರೆ 125, ತೊಂದರೆ ಇಲ್ಲ. 0.0625 ಆದರೆ 62.5, ಅದು 62 ಆಗಿ ಕೂತಿರುತ್ತೆ.

ಬೋರ್‌ವೆಲ್_ಜಿಯೋ
5 ಅಂತಿತ್ತು, 1 ಮಾಡಿದೆ, ಮುಳ್ಳು ಹೋಯ್ತು. ಡಿಲೇ -0.010 ಇದೆ.

ಇಂಟರ್ವಲ್ 0.0625. ಈಗ?

ಬೈಟ್_ಭಟ್ರು
ಹತ್ತಿಂಚಿನ ಪೈಪ್ ವಿಷಯ ಯಾರೂ ಹೇಳ್ಲಿಲ್ಲ.